ಕೇಳಿಸದ ಪ್ರಶ್ನೆಗೆ ಹೂಂ ಅಂದವಳು

ಆ ಸದ್ದು ಬಂತೆಂದರೆ ಚುಕ್ಕಿ ಅಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ಇದ್ದಲ್ಲೇ ನಿಂತುಬಿಡುತ್ತಿದ್ದವು. ಪಕ್ಕದ ಮನೆಯಲ್ಲಿ ಯಾರೋ ಹಿತ್ತಾಳೆ ತಟ್ಟೆಗೆ ಒಮ್ಮೆ ಬಡಿದ ಹಾಗೆ ‘ಡಂಗ್’, ಅದರ ಹಿಂದೆಯೇ ಮೌನ. ಅಲ್ಲಿಯವರೆಗೆ ಕಿವಿಯೊಳಗೆ ಬಡಬಡಿಸುತ್ತಿದ್ದ ದನಿ ಅರ್ಧ ಮಾತಿಗೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಪರದೆ ಮಸುಕಾಗಿ ನಡುವೆ ಒಂದು ಚೌಕ ಮೂಡುತ್ತದೆ, ಅದರಲ್ಲಿ ಕಂಪ್ಯೂಟರು ಏನನ್ನೋ ಮಾಡಲು ಒಪ್ಪಿಗೆ ಕೇಳುತ್ತದೆ ಎಂದು ಕಣ್ಣಿದ್ದವರು ಹೇಳಿದ್ದರು. ಏನನ್ನು ಮಾಡಲು ಎಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ ಬ್ರೈಲ್ ಪುಸ್ತಕ ಮಾಡಿಕೊಡುವ ಒಂದು ಸಣ್ಣ ಮುದ್ರಣಾಲಯದಲ್ಲಿ ಕೆಲಸ. ಮಾಮೂಲಿ ಅಕ್ಷರದ ಪಾಠಗಳನ್ನು ಬೇರೊಬ್ಬರು ಓದಿದರೆ ಅವಳು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕು, ತಂತ್ರಾಂಶ ಅದನ್ನು ಬ್ರೈಲ್‌ಗೆ ತಿರುಗಿಸಬೇಕು, ಪಕ್ಕದ ಕೋಣೆಯ ಮಿಷನ್ನು ಅದನ್ನು ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿಗಳಾಗಿ ಕುಟ್ಟಬೇಕು, ಕೊನೆಗೆ ಅವಳು ಬೆರಳಾಡಿಸಿ ತಪ್ಪು ಹುಡುಕಬೇಕು. ಅವಳ ಬೆರಳಿಗೆ ಸಿಗದೆ ತಪ್ಪಿಸಿಕೊಂಡ ಚುಕ್ಕಿ ಇಲ್ಲವೆಂದು ಶಾಲೆಯ ಮಕ್ಕಳೇ ಇಟ್ಟ ಹೆಸರು ಚುಕ್ಕಿ ಅಕ್ಕ. ಆಮೇಲೆ ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಕಣ್ಣು ತೆಗೆದುಕೊಂಡು ಹೋಗಿತ್ತು. ಅಪ್ಪ ಮನೆಗಳಿಗೆ ಬಣ್ಣ ಬಳಿಯುವವರು. ಅವಳ ನೆನಪಿನಲ್ಲಿ ಉಳಿದ ಬಣ್ಣಗಳೆಲ್ಲ ಅಪ್ಪನ ಡಬ್ಬಿಗಳ ಬಣ್ಣಗಳೇ. ಅಪ್ಪ ಅವಳನ್ನು ಮನೆಯಲ್ಲಿ ಕೂರಿಸಲಿಲ್ಲ, ಶಾಲೆಗೆ ಬಿಟ್ಟರು. ಅಮ್ಮ ಮಾತ್ರ ಕೊನೆಯ ತನಕ “ನೋಡಿಕೊಂಡು ಹೋಗು” ಎಂದೇ ಬಾಗಿಲಿಗೆ ಬಂದು ಹೇಳುತ್ತಿದ್ದರು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಮುದ್ರಣಾಲಯದ ಕಿಟಕಿಗಳಿಗೆ ಬಟ್ಟೆಯ ಪರದೆ ಹೊಲಿಯಲು ಅಳತೆ ತೆಗೆಯಲು ಬಂದ ಕಟಿಂಗ್ ಮಾಸ್ಟರ್ ಒಬ್ಬ, ಕೋಣೆಯಲ್ಲಿ ಕಣ್ಣಿದ್ದವರು ಅಷ್ಟು ಜನ ಇದ್ದರೂ ಅವರನ್ನೆಲ್ಲ ಬಿಟ್ಟು, “ನೀವೇ ತಾನೇ ಇಲ್ಲಿ ದಿನವಿಡೀ ಕೂರೋದು? ಯಾವ ಬಣ್ಣ ಇರಲಿ?” ಎಂದು ಇವಳನ್ನು ಕೇಳಿದ. ಇವಳು “ತಿಳಿ ನೀಲಿ” ಎಂದಳು. ವರ್ಷ ತಿರುಗುವುದರೊಳಗೆ ಅವನನ್ನೇ ಮದುವೆಯಾದಳು.

ಅವಳ ಕಂಪ್ಯೂಟರಿನಲ್ಲಿ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಒಂದು ತಂತ್ರಾಂಶವಿತ್ತು. ಬಾಯಿಗೆ ಬಿಡುವೇ ಕೊಡದ ಅದರ ದನಿಗೆ ಅವಳು ಇಟ್ಟ ಹೆಸರು ಗೊಣಗಪ್ಪ. ಅವಳು ಅದನ್ನು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ ಬೇರೆಯವರ ಕಿವಿಗೆ ಅದು ದುಂಬಿ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತಿತ್ತು. ಗೊಣಗಪ್ಪನನ್ನು ಒಂದು ಪೆನ್‌ಡ್ರೈವ್‌ನಿಂದ ಓಡಿಸುವುದು ರೂಢಿ. ಮೊದಲು ಯಾರೋ ಹಾಗೆ ಮಾಡಿಕೊಟ್ಟಿದ್ದರು, ಅದೇ ನಡೆದುಕೊಂಡು ಬಂದಿತ್ತು. ಅವನು ಎಲ್ಲವನ್ನೂ ಓದುತ್ತಿದ್ದ, ಆ ಒಪ್ಪಿಗೆಯ ಪ್ರಶ್ನೆಯೊಂದನ್ನು ಬಿಟ್ಟು. ಅದು ಬಂದರೆ ಅವನ ಬಾಯಿಗೆ ಬೀಗ.

ಮಿಷನ್ನಿಗೆ ಪುಟ ಕಳಿಸುವ ಪ್ರತಿ ಸಲವೂ ಆ ಪ್ರಶ್ನೆ ಬರುತ್ತಿತ್ತು. ಸುಮ್ಮನಿದ್ದರೆ ಸ್ವಲ್ಪ ಹೊತ್ತಿಗೆ ಕಂಪ್ಯೂಟರೇ ‘ಇಲ್ಲ’ ಎಂದುಕೊಂಡು ಕೆಲಸ ಕೆಡಿಸುತ್ತಿತ್ತು. ಯಾರನ್ನಾದರೂ ಕರೆದು ಓದಿಸೋಣವೆಂದರೆ, ಪಾಠ ಓದುವವರು ಆ ಹೊತ್ತಿಗೆ ಎದ್ದುಹೋಗಿರುತ್ತಿದ್ದರು, ಹತ್ತಿರ ಉಳಿಯುತ್ತಿದ್ದವರು ಮಿಷನ್ನು ನಡೆಸುವ ಮಿಷನ್ ಮಾವ ಒಬ್ಬರೇ. ಆ ಮಿಷನ್ನಿನ ಗದ್ದಲದ ಪಕ್ಕದಲ್ಲೇ ಆಯುಷ್ಯ ಕಳೆದು ಅವರ ಕಿವಿ ಹೋಗಿತ್ತು. ಇವಳು ಕೂಗಿದರೆ ಅವರಿಗೆ ಕೇಳಿಸದು, ಅವರು ಕೈಸನ್ನೆ ಮಾಡಿದರೆ ಇವಳಿಗೆ ಕಾಣದು. “ದೇವರು ನಮ್ಮಿಬ್ಬರನ್ನೂ ಒಂದೇ ಆಫೀಸಿಗೆ ಹಾಕಿ ಮೇಲೆ ಕೂತು ನಗ್ತಿದ್ದಾನೆ ಮಗಳೇ” ಎಂದು ಮಾವನೇ ಹೇಳುತ್ತಿದ್ದರು. ಅವರು ಬಂದು ನೋಡಿದರೂ ಪ್ರಶ್ನೆ ಇಂಗ್ಲಿಷಿನಲ್ಲಿರುತ್ತಿತ್ತು, ಅವರಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬಾರದು.

ಹಾಗಾಗಿ ಅವಳು ಒಂದು ದಾರಿ ಕಂಡುಕೊಂಡಿದ್ದಳು. ‘ಡಂಗ್’ ಎಂದ ಕೂಡಲೇ ಉಸಿರು ಬಿಗಿಹಿಡಿದು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದು. ಅದರ ಅರ್ಥ ‘ಹೌದು’. ಕೇಳಿದ್ದೇನೆಂದು ಗೊತ್ತಿಲ್ಲ, ಉತ್ತರ ಮಾತ್ರ ಹೌದು. ಪ್ರತಿ ಸಲವೂ ಕತ್ತಲೆಯ ಮೆಟ್ಟಿಲಲ್ಲಿ ಕಾಲಿಟ್ಟು, ಅಲ್ಲಿ ಮೆಟ್ಟಿಲು ಇದೆಯೋ ಇಲ್ಲವೋ ಎಂದು ಕಾಯುವಂತಾಗುತ್ತಿತ್ತು. ಮನೆಗೆ ಬಂದ ಮೇಲೂ ಪಾತ್ರೆ ಬಿದ್ದ ಸದ್ದಿಗೆ ಅವಳ ಎದೆ ಧಸಕ್ಕೆನ್ನುವುದನ್ನು ಗಂಡ ಗಮನಿಸಿದ.

ಅದಕ್ಕೆ ಮದ್ದು ಕೊಟ್ಟವನು ಅವಳ ಮೈದುನ. ಕಂಪ್ಯೂಟರು, ಪ್ರಿಂಟರು ರಿಪೇರಿ ಮಾಡುವ ಅಂಗಡಿ ಅವನದು. ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಒಂದು ಮಧ್ಯಾಹ್ನ ಅತ್ತಿಗೆಗೆ ಊಟದ ಡಬ್ಬಿ ಕೊಡಲು ಬಂದವನು ಆ ಸದ್ದು ಕೇಳಿ, ಅವಳು ಬೆಚ್ಚಿಬಿದ್ದದ್ದನ್ನು ನೋಡಿದ.

“ಇದಕ್ಕೆ ಇಷ್ಟು ಹೆದರಿಕೆನಾ ಅತ್ತಿಗೆ? ಇದನ್ನ ಬಂದ್ ಮಾಡಿಬಿಡಬಹುದು.”

“ಬಂದ್ ಮಾಡೋಕೆ ಬರುತ್ತಾ?”

“ಒಂದು ಗೆರೆ ಇದೆ, ಅದರ ಮೇಲೊಂದು ಗುಬುಟು ಇದೆ. ಕೆಳಗಡೆ ತುದಿಗೆ ಎಳೆದ್ರೆ ಮುಗೀತು. ಆಮೇಲೆ ಅದು ಯಾವತ್ತೂ ನಿಮ್ಮನ್ನ ಏನೂ ಕೇಳಲ್ಲ.”

“ಮುದ್ರಣಾಲಯ ನಡೆಸೋರು ಮೇಡಂ, ಅವರನ್ನ ಒಂದು ಮಾತು ಕೇಳಲಾ?”

“ಇದಕ್ಕೂ ಮೇಡಂ ಬೇಕಾ? ಸ್ವಿಚ್ ಆರಿಸೋಕೆ ಅಪ್ಪಣೆ ಕೇಳಿದ ಹಾಗಾಯ್ತು!”

ಅವಳು ನಕ್ಕಳು. ಅವನು ಎಳೆದ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ. ಅವಳು ಹೆದರಿ ಹೆದರಿ ಒಂದು ಪುಟವನ್ನು ಮಿಷನ್ನಿಗೆ ಕಳಿಸಿದಳು. ಡಂಗ್ ಇಲ್ಲ, ಮೌನವಿಲ್ಲ. ಗೊಣಗಪ್ಪ ಗೊಣಗುತ್ತಲೇ ಇದ್ದ, ಗೋಡೆಯಾಚೆ ಮಿಷನ್ನು ಕುಟ್ಟಲು ಶುರುಮಾಡಿತು. ಹಲ್ಲುನೋವು ಬಿಟ್ಟ ಮೇಲೆ ಮುಖ ಹಗುರಾಗುತ್ತದಲ್ಲ, ಹಾಗಾಯಿತು ಅವಳಿಗೆ.

ಕೆಲವು ವಾರ ಅವಳು ಸುಖವಾಗಿದ್ದಳು. ನಡುವೆ ವಿಜ್ಞಾನದ ಹೊಸ ಪಠ್ಯ ಬಂತು. ಅದರಲ್ಲಿನ ಚಿಹ್ನೆಗಳನ್ನು ಬ್ರೈಲ್‌ಗೆ ಸುಲಭವಾಗಿ ತರುವ ಒಂದು ಪುಟ್ಟ ತಂತ್ರಾಂಶ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಯಾರೋ ಹೇಳಿದರು. ಹುಡುಕಿ ಇಳಿಸಿಕೊಂಡಳು. ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಅದು ಒಳಗೆ ಹೋಗಿ ಕೂತಿತು. ಮೊದಲಾಗಿದ್ದರೆ ಆ ಹಾಳು ಸದ್ದು ಬಂದಿರುತ್ತಿತ್ತು ಎಂದುಕೊಂಡು ಮೈದುನನನ್ನು ಮನಸ್ಸಿನಲ್ಲೇ ಹರಸಿದಳು.

ಅದಾದ ಮೇಲೆ ಪ್ರಶ್ನೆಪತ್ರಿಕೆ ಬಂತು.

ಶಾಲೆಯ ಕೊನೆಯ ತರಗತಿಯ ವಿಜ್ಞಾನದ ಪರೀಕ್ಷೆಗೆ ಎಲ್ಲ ಮಕ್ಕಳಿಗೂ ಒಂದೇ ಪತ್ರಿಕೆ. ಅಂಧ ಮಕ್ಕಳಿಗೆ ಅದೇ ಪತ್ರಿಕೆ ಬ್ರೈಲ್‌ನಲ್ಲಿ ಬೇಕು. ಬೆರಳೆಣಿಕೆಯಷ್ಟು ಮಕ್ಕಳಿಗಾಗಿ, ಇಡೀ ನಾಡಿನ ಮಕ್ಕಳು ಬರೆಯಬೇಕಾದ ಪತ್ರಿಕೆ ಮೊದಲೇ ಈ ಮುದ್ರಣಾಲಯಕ್ಕೆ ಬರುತ್ತಿತ್ತು. ಪರೀಕ್ಷಾ ಕಚೇರಿಯ ಅಧಿಕಾರಿ ಮೊಹರು ಹಾಕಿದ ಲಕೋಟೆ ತಂದು ಮೇಡಂ ಕೈಗೆ ಕೊಡುತ್ತಿದ್ದರು. ಮೇಡಂ ಕಟ್ಟುನಿಟ್ಟಿನ ಹೆಂಗಸು. ಕಂಪ್ಯೂಟರಿನ ಇಂಟರ್‌ನೆಟ್ ವೈರನ್ನು ಕಿತ್ತಿಟ್ಟು, ಬಾಗಿಲು ಹಾಕಿಕೊಂಡು, ಮೇಡಂ ಮೆಲುದನಿಯಲ್ಲಿ ಓದಬೇಕು, ಚುಕ್ಕಿ ಅಕ್ಕ ಟೈಪ್ ಮಾಡಬೇಕು. ಪ್ರತಿಗಳನ್ನು ಕುಟ್ಟಿ, ಮೊಹರು ಹಾಕಿ, ಕಬ್ಬಿಣದ ಬೀರುವಿನಲ್ಲಿಟ್ಟು, ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಿದ ಮೇಲೆಯೇ ವೈರು ಮತ್ತೆ ಹಾಕುವುದು. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು.

ಇನ್ನು ಒಂದು ವಾರಕ್ಕೆ ಪರೀಕ್ಷೆ ಎನ್ನುವಾಗ ಚುಕ್ಕಿ ಅಕ್ಕ ಕತೆಪುಸ್ತಕವೊಂದರ ತಪ್ಪು ತಿದ್ದುತ್ತ ಕೂತಿದ್ದಳು. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುವಾಗ ಗೊಣಗಪ್ಪ ಅವಳಿಗೆ ಗೊತ್ತಿಲ್ಲದ ಒಂದು ಹೆಸರನ್ನು ಹೇಳಿದ. ಅರ್ಧ ಹೇಳುವಷ್ಟರಲ್ಲಿ ಅದು ಮಾಯವಾಯಿತು. ಕಿವಿ ತಪ್ಪಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹೆಸರು, ಮತ್ತೆ ಮಾಯ. ಕೈ ತೆಗೆದು ಸುಮ್ಮನೆ ಕೂತು ಆಲಿಸಿದಳು. ಅವಳು ಏನೂ ಮಾಡದಿದ್ದರೂ ಕಂಪ್ಯೂಟರಿನ ಫ್ಯಾನು ಏದುಸಿರು ಬಿಡುವವರ ಹಾಗೆ ಜೋರಾಗಿ ತಿರುಗುತ್ತಿತ್ತು. ತನ್ನ ಮನೆಯ ಅಡುಗೆಕೋಣೆಯಲ್ಲಿ ಯಾರೋ ಕಾಲು ಸದ್ದಾಗದಂತೆ ಓಡಾಡುತ್ತಿರುವುದು ಗೊತ್ತಾದರೆ ಹೇಗಿರುತ್ತದೋ ಹಾಗೆ ಅವಳ ಬೆನ್ನು ತಣ್ಣಗಾಯಿತು.

ಫೋನು ಮಾಡಿ ಕರೆದಾಗ ಮೈದುನ ಊಟದ ಹೊತ್ತಿಗೆ ಬಂದ. ಬರುವಾಗ ತಮಾಷೆ ಮಾಡುತ್ತಲೇ ಬಂದ. ಕುರ್ಚಿ ಎಳೆದುಕೊಂಡು ಕೂತ. ಮೌಸಿನ ಟಿಕ್ ಟಿಕ್ ಕೇಳಿಸುತ್ತಿತ್ತು. ಕ್ರಮೇಣ ಅವನ ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

“ಏನೋ ಅದು? ಏನಾದ್ರೂ ಹೇಳೋ.”

“ಅತ್ತಿಗೆ, ಆ ಚಿಹ್ನೆಗಳದ್ದು ಅಂತ ಏನೋ ಇಳಿಸಿಕೊಂಡಿದ್ರಲ್ಲ, ಅದರ ಜೊತೆಗೆ ಇನ್ನೊಂದು ಬಂದು ಸೇರಿಕೊಂಡಿದೆ.”

“ಏನು ಮಾಡುತ್ತೆ ಅದು?”

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. “ನೀವು ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತೆ. ನೆಟ್ ಸಿಕ್ಕಾಗ ಎಲ್ಲಿಗೋ ಕಳಿಸುತ್ತೆ.”

“ಎಲ್ಲಾ ಕೀಲಿನಾ?”

“ಎಲ್ಲಾನೂ.”

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಪ್ರಶ್ನೆಪತ್ರಿಕೆಯ ಒಂದೊಂದು ಅಕ್ಷರವೂ ಅವಳ ಬೆರಳಿನಿಂದಲೇ ಹೋದದ್ದು. ವೈರು ಕಿತ್ತಿಟ್ಟಿದ್ದು ನಿಜ. ಆದರೆ ಒಳಗಿದ್ದವನು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ವೈರು ಬರುವವರೆಗೆ ಕಾದಿದ್ದರೆ?

“ಹೋಗಿದೆಯಾ ಅದು? ಪತ್ರಿಕೆ?”

“ಹೇಗೆ ಹೇಳೋದು? ಬರೆದಿದ್ದನ್ನ ಅದು ಆಗಾಗ ತಾನೇ ಅಳಿಸಿಕೊಳ್ಳುತ್ತೆ.” ಅವನ ದನಿ ತಗ್ಗಿತು. “ಅತ್ತಿಗೆ, ನಾನು ಆ ಗುಬುಟು ಎಳೀದಿದ್ರೆ ಇದು ಒಳಗೆ ಬರೋ ಮುಂಚೆ ಕೇಳ್ತಿತ್ತು.”

“ಕೇಳಿದ್ರೂ ನಾನು ಹೌದು ಅಂತಲೇ ಒತ್ತಿರ್ತಿದ್ದೆ” ಎಂದಳು. ಅದು ಸಮಾಧಾನದ ಮಾತಾಗಿರಲಿಲ್ಲ. ಹೇಳಿದ ಮೇಲೆ ಅವಳಿಗೇ ಇನ್ನಷ್ಟು ಭಯವಾಯಿತು.

“ಒಂದು ಕೆಲಸ ಮಾಡ್ತೀನಿ. ಇದನ್ನ ಬೇರುಸಹಿತ ಕಿತ್ತು ಹಾಕ್ತೀನಿ. ಗುಬುಟು ಮೇಲಕ್ಕೆ ಏರಿಸ್ತೀನಿ. ಇತ್ತು ಅಂತ ಯಾರಿಗೂ ಗೊತ್ತಾಗಲ್ಲ. ಯಾರಿಗೂ ಹೇಳೋದು ಬೇಡ.”

ಅವಳಿಗೆ ಹೂಂ ಎನ್ನಬೇಕೆನಿಸಿತು. ನಾಲಿಗೆಯ ತುದಿಯ ತನಕ ಬಂದಿತ್ತು. ಗೋಡೆಯಾಚೆ ಮಿಷನ್ ಮಾವ ಬುತ್ತಿ ಮುಚ್ಚುವ ಸದ್ದು ಕೇಳಿತು.

“ಇವತ್ತು ಮುಟ್ಟಬೇಡ. ವೈರು ಕಿತ್ತಿಡು, ಸಾಕು.”

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು ಪರೀಕ್ಷೆಯ ಮಾತಾಡುತ್ತಿದ್ದರು.

“ಈ ಸಲ ಬೆಳಕಿನ ಪಾಠದಿಂದಲೇ ದೊಡ್ಡ ಪ್ರಶ್ನೆ ಬರುತ್ತಂತೆ.”

“ಯಾರೇ ಹೇಳಿದ್ದು?”

“ಎಲ್ಲರೂ ಹೇಳ್ತಿದ್ದಾರೆ.”

ಚುಕ್ಕಿ ಅಕ್ಕನ ಕೈಯಲ್ಲಿದ್ದ ಬಿಳಿ ಕೋಲು ಜಾರಿ ಬಿತ್ತು. ಪತ್ರಿಕೆಯಲ್ಲಿ ದೊಡ್ಡ ಪ್ರಶ್ನೆ ಬೆಳಕಿನ ಪಾಠದ್ದೇ ಇತ್ತು. ಹುಡುಗಿಯರಲ್ಲೊಬ್ಬಳು ಕೋಲು ಎತ್ತಿಕೊಟ್ಟು, “ತಗೊಳ್ಳಿ ಆಂಟಿ” ಎಂದಳು. ಆ ಹುಡುಗಿಯ ಕೈ ಹಿಡಿದು, ‘ಎಲ್ಲರೂ ಅಂದರೆ ಯಾರಮ್ಮ?’ ಎಂದು ಕೇಳಬೇಕೆನಿಸಿತು. ಕೇಳಿದರೆ ತಾನೇ ಗುಟ್ಟು ಬಿಟ್ಟುಕೊಟ್ಟ ಹಾಗೆ. ಬೆಳಕಿನ ಪಾಠ ದೊಡ್ಡದು, ಹೆಚ್ಚುಕಡಿಮೆ ಪ್ರತಿ ವರ್ಷವೂ ಅದರಿಂದ ಏನಾದರೂ ಬರುತ್ತದೆ, ಮೇಷ್ಟ್ರುಗಳು ಊಹೆ ಮಾಡಿ ಹೇಳುವುದೂ ಉಂಟು. ಇದೆಲ್ಲ ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಇಳಿಯಬೇಕಾದ ನಿಲ್ದಾಣ ದಾಟಿ ಹೋದದ್ದು ಅವಳಿಗೆ ತಿಳಿಯಲಿಲ್ಲ.

ಆ ಸಂಜೆ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ಒಂದು ತುತ್ತು ಬಾಯಿಗಿಟ್ಟು ನೀರು ಕುಡಿದ.

“ಸಮುದ್ರ ಚೆನ್ನಾಗಿದೆ. ಏನಾಯ್ತು ಹೇಳು.”

ಅವಳು ಹೇಳಿದಳು. ಪತ್ರಿಕೆಯಲ್ಲಿ ಏನಿತ್ತೆಂದು ಹೇಳಲಿಲ್ಲ, ಬಸ್ಸಿನಲ್ಲಿ ಏನೋ ಕಿವಿಗೆ ಬಿತ್ತು ಎಂದಷ್ಟೇ ಹೇಳಿದಳು. ಗಂಡ ತಟ್ಟೆ ಪಕ್ಕಕ್ಕಿಟ್ಟ.

“ತಮ್ಮ ಫೋನ್ ಮಾಡಿದ್ದ. ಅಳ್ತಿದ್ದ. ನನ್ನಿಂದ ಅತ್ತಿಗೆ ಕೆಲಸ ಹೋಗುತ್ತೆ ಅಂತ.”

“ನನ್ನ ಕೆಲಸ ಹೋದ್ರೆ ಹೋಗಲಿ ರೀ. ಆ ಮಕ್ಕಳು?”

“ಹೇಳಿದ್ರೆ ಪರೀಕ್ಷೆ ಮುಂದಕ್ಕೆ ಹೋಗುತ್ತೇನೋ. ಆಗಲೂ ಮಕ್ಕಳಿಗೇ ತೊಂದರೆ. ಆ ಪತ್ರಿಕೆ ಎಲ್ಲೂ ಹೋಗಿಲ್ದೇ ಇರಬಹುದು.”

“ಇರಬಹುದು.”

“ನಿನಗೇನು ಅನ್ಸುತ್ತೆ?”

“ಮೇಡಂಗೆ ಹೇಳಿಬಿಡ್ಬೇಕು ಅನ್ಸುತ್ತೆ ರೀ.”

ಗಂಡ ಕೈ ತೊಳೆದು ಬಂದು, “ಬೆಳಿಗ್ಗೆ ನಾನೂ ಬರ್ಲಾ?” ಎಂದ. ಅವಳು ಬೇಡವೆಂದಳು. ಅವನು ಬಂದರೆ ಮೇಡಂ ಎದುರು ತಾನು ಅತ್ತುಬಿಡುತ್ತೇನೆ ಎಂಬ ಹೆದರಿಕೆ ಅವಳಿಗೆ.

ಬೆಳಿಗ್ಗೆ ಮೇಡಂ ಕೋಣೆಯಲ್ಲಿ ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಸದ್ದು ಬಂದ್ ಮಾಡಿಸಿದ್ದು, ಕೇಳದೆ ಮಾಡಿಸಿದ್ದು, ತಂತ್ರಾಂಶ ಇಳಿಸಿದ್ದು, ಒಳಗೆ ಸಿಕ್ಕಿದ್ದು. ಮೇಡಂ ಎದುರಿಗಿದ್ದ ಫ್ಯಾನು ಆರಿಸಿದರು. ಯಾವತ್ತೂ ಅವಳನ್ನು ನೀವು ಎನ್ನುತ್ತಿದ್ದವರು ಏಕವಚನಕ್ಕೆ ಇಳಿದರು.

“ಯಾರನ್ನ ಕೇಳಿ ಮಾಡ್ದೆ? ಅಲ್ಲ, ಯಾರನ್ನ ಕೇಳಿ ಮಾಡ್ದೆ ನೀನು?”

ಮೇಡಂ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

“ಆಚೆ ಹೋಗಿದೆ ಅಂತ ಖಾತ್ರಿ ಇದೆಯಾ?”

“ಇಲ್ಲ ಮೇಡಂ.”

“ಹೋಗಿಲ್ಲ ಅಂತ?”

“ಅದೂ ಇಲ್ಲ.”

ಮೇಡಂ ಚಪ್ಪಲಿ ಕೋಣೆಯ ಆ ತುದಿಯಿಂದ ಈ ತುದಿಗೆ ಓಡಾಡಿತು. “ಇದು ಹೊರಗೆ ಗೊತ್ತಾದ್ರೆ ನಮ್ಮ ಮುದ್ರಣಾಲಯಕ್ಕೆ ಇನ್ನೊಂದು ಹಾಳೆ ಕೊಡಲ್ಲ ಯಾರೂ. ಗೊತ್ತಾ ನಿನಗೆ? ಮಿಷನ್ ಮಾವ, ಪುಸ್ತಕ ಕಟ್ಟುವವರು, ಎಲ್ಲರೂ ಮನೆಗೆ ಹೋಗ್ಬೇಕು.” ಓಡಾಟ ನಿಂತಿತು. “ಪರೀಕ್ಷೆ ಆಗಿಹೋಗಲಿ ಅಂತ ಸುಮ್ಮನಿದ್ರೆ?”

“ನಾನು ಇರೋಕಾಗಲ್ಲ ಮೇಡಂ. ನೀವು ಫೋನ್ ಮಾಡದೇ ಇದ್ರೆ ನಾನೇ ಮಾಡ್ತೀನಿ.”

ಹೇಳಿದ ಮೇಲೆ ಕೈಚಾಚಿ ಕುರ್ಚಿ ಹುಡುಕಿ ಕೂತಳು. ಮೇಡಂ ಫೋನಿನ ಗುಂಡಿ ಒತ್ತುವ ಸದ್ದು ಕೇಳಿಸಿತು. ಮೊದಲ ಸಲ ಒತ್ತಿ ಕೆಳಗಿಟ್ಟರು, ಎರಡನೆಯ ಸಲ ಪೂರ್ತಿ ಒತ್ತಿದರು.

ಅಧಿಕಾರಿ ಮಧ್ಯಾಹ್ನದೊಳಗೆ ಬಂದರು. ಜೊತೆಗೆ ಕಂಪ್ಯೂಟರು ಪರೀಕ್ಷಿಸುವ ಒಬ್ಬ ಹೆಂಗಸು. ಅಧಿಕಾರಿ ಗಟ್ಟಿಯಾಗಿ ಮಾತಾಡಲಿಲ್ಲ. “ನಿಮ್ಮನ್ನ ನಂಬಿ ಕೊಟ್ಟಿದ್ವಿ” ಎಂದು ಒಂದೇ ಮಾತು ಹೇಳಿದರು. ಅದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಮೈದುನನನ್ನು ಕರೆಸಿದರು. ಅವನು ಬಂದು, ಕೇಳಿದ್ದಕ್ಕೆಲ್ಲ ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟ. ಅವನ ಚುರುಕು ನಾಲಿಗೆ ಅವತ್ತು ತೊದಲುತ್ತಿತ್ತು.

ಪರೀಕ್ಷಿಸುವ ಹೆಂಗಸು ಬಹಳ ಹೊತ್ತು ಕೂತಳು. ಕೊನೆಗೆ ಎದ್ದು ಹೇಳಿದಳು, “ಕೀಲಿಗಳನ್ನ ಹಿಡಿದಿಟ್ಟಿದೆ. ವೈರು ಹಾಕಿದ ಮೇಲೆ ಕಳಿಸೋಕೆ ನೋಡಿದೆ. ತಲುಪಿದೆಯಾ ಇಲ್ವಾ ಅನ್ನೋದು ಈ ಕಡೆಯಿಂದ ಗೊತ್ತಾಗಲ್ಲ. ತಲುಪಿದ್ರೂ ಅದು ಪ್ರಶ್ನೆಪತ್ರಿಕೆ ಅಂತ ಆ ಕಡೆ ಯಾರಾದ್ರೂ ನೋಡಿದ್ರಾ, ಅದಂತೂ ದೇವರಿಗೇ ಗೊತ್ತು.”

ಆಮೇಲೆ ಚುಕ್ಕಿ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿ ಕೇಳಿದಳು, “ಈ ಪ್ರಶ್ನೆಗಳನ್ನ ಯಾಕೆ ಬಂದ್ ಮಾಡಿಸಿದ್ರಿ?”

“ಅದು ಬಂದಾಗ ನನಗೆ ಓದಿ ಹೇಳೋ ದನಿ ನಿಂತುಹೋಗ್ತಿತ್ತು. ಏನು ಕೇಳ್ತಿದೆ ಅಂತ ಗೊತ್ತಾಗ್ತಿರಲಿಲ್ಲ.”

“ಓದೋ ತಂತ್ರಾಂಶ ಪೆನ್‌ಡ್ರೈವ್‌ನಿಂದ ಓಡಿಸ್ತಿದ್ದೀರಲ್ಲ, ಅದಕ್ಕೇ. ಅದನ್ನ ಕಂಪ್ಯೂಟರಿನ ಒಳಗೇ ಇನ್‌ಸ್ಟಾಲ್ ಮಾಡಿದ್ರೆ ಆ ಪ್ರಶ್ನೇನೂ ಓದುತ್ತೆ.”

ಚುಕ್ಕಿ ಅಕ್ಕ ಅವಳ ಕಡೆ ಮುಖ ತಿರುಗಿಸಿದಳು. “ಓದುತ್ತಾ?”

“ಓದುತ್ತೆ. ಯಾರೂ ಹೇಳಿರಲಿಲ್ವಾ?”

ಇಲ್ಲವೆಂದು ತಲೆಯಾಡಿಸಿದಳು. ಹಾಗೆ ತಲೆಯಾಡಿಸುತ್ತಿರುವಾಗಲೇ ಅಳು ಬಂತು. ನಿನ್ನೆಯಿಂದ ತಡೆದುಕೊಂಡಿದ್ದು ಆ ಒಂದು ಸಣ್ಣ ಮಾತಿಗೆ ಒಡೆದುಹೋಯಿತು. ಆ ಹೆಂಗಸು ಏನು ಮಾಡಲೂ ತೋಚದೆ ಅವಳ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಕಚೇರಿಯವರ ಬಳಿ ಇಂಥ ಹೊತ್ತಿಗೆಂದು ಇನ್ನೊಂದು ಪತ್ರಿಕೆ ತಯಾರಿರುತ್ತದೆ. ಅದನ್ನೇ ಎಲ್ಲರಿಗೂ ಕೊಡುವುದೆಂದು ತೀರ್ಮಾನವಾಯಿತು. ಪರೀಕ್ಷೆ ಮುಂದಕ್ಕೆ ಹೋಗಲಿಲ್ಲ. ಆದರೆ ಆ ಹೊಸ ಪತ್ರಿಕೆಯನ್ನು ಬ್ರೈಲ್‌ಗೆ ತರುವವರು ಯಾರು? ಕಂಪ್ಯೂಟರು ಸಾಕ್ಷಿಯ ಹಾಗೆ ಕಚೇರಿಗೆ ಹೊರಟಿತ್ತು. ಬೇರೆ ಮುದ್ರಣಾಲಯ ದೂರದ ಊರಿನಲ್ಲಿ, ದಿನಗಳು ಕಡಿಮೆ.

“ಕೈಯಲ್ಲಿ ಮಾಡ್ತೀನಿ” ಎಂದಳು ಚುಕ್ಕಿ ಅಕ್ಕ. “ಹಳೇ ಬ್ರೈಲ್ ಟೈಪ್‌ರೈಟರ್ ಇದೆ. ಒಂದೊಂದು ಮಗುವಿಗೂ ಒಂದೊಂದು ಪ್ರತಿ ಒತ್ತಿಕೊಡ್ತೀನಿ.”

ಅಧಿಕಾರಿ ಉತ್ತರ ಕೊಡಲು ತಡಮಾಡಿದರು. ಅವಳ ಕೈಗೆ ಮತ್ತೆ ಪತ್ರಿಕೆ ಕೊಡುವುದೋ ಬೇಡವೋ ಎಂಬ ಯೋಚನೆ ಆ ತಡದಲ್ಲಿತ್ತು. ಅದು ಅವಳಿಗೂ ಅರ್ಥವಾಯಿತು.

“ನೀವು ಪಕ್ಕದಲ್ಲೇ ಕೂತ್ಕೊಳ್ಳಿ ಸಾರ್. ನೀವು ಏಳೋವರೆಗೆ ನಾನೂ ಏಳಲ್ಲ.”

ಮರುದಿನ ಬೆಳಿಗ್ಗೆಯಿಂದ ಕೆಲಸ ಶುರುವಾಯಿತು. ಆರು ಕೀಲಿಯ ಆ ಕಬ್ಬಿಣದ ಟೈಪ್‌ರೈಟರು ಅವಳ ಮದುವೆಗೆ ಮುಂಚಿನದು, ಕೀಲಿಗಳು ಬಿಗಿ. ಮೇಡಂ ಓದಿದರು, ಅಧಿಕಾರಿ ಎದುರಿಗೆ ಕೂತರು. ಕಾಗದ ಕತ್ತರಿಸಿ ಕೊಡಲು ಒಬ್ಬರು ಬೇಕೆಂದಾಗ ಮಿಷನ್ ಮಾವನನ್ನು ಒಳಗೆ ಬಿಡುವುದೋ ಬೇಡವೋ ಎಂಬ ಪ್ರಶ್ನೆ ಬಂತು. ಮೇಡಂ ಗಂಭೀರವಾಗಿ, “ಅವರು ಕದ್ದು ಕೇಳ್ತಾರೆ ಅನ್ನೋ ಭಯ ಬೇಡ ಸಾರ್. ಎದುರಿಗೆ ನಿಂತು ಕೂಗಿದ್ರೂ ಅವರಿಗೆ ಕೇಳಲ್ಲ” ಎಂದರು. ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ಏನೂ ಕೇಳಿಸದ ಮಾವ ತಾವೂ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಅವಳ ಉಂಗುರದ ಬೆರಳು ಮರಗಟ್ಟಿತು. ಮಾವ ಬಿಸಿನೀರಿನ ಬಟ್ಟಲು ತಂದಿಟ್ಟರು. ಬೆರಳು ಅದ್ದಿ ಒರೆಸಿಕೊಂಡು ಮತ್ತೆ ಒತ್ತಿದಳು. ಒಂದು ಪ್ರತಿ ಮುಗಿದ ಕೂಡಲೇ ಓದಿ ನೋಡುವಳು, ಸರಿಯಾಗಿದ್ದ ಸಾಲನ್ನೇ ಮತ್ತೆ ಮತ್ತೆ ಓದುವಳು. ಮೊದಲಾಗಿದ್ದರೆ ಒಂದು ಸಲ ಬೆರಳಾಡಿಸಿದರೆ ಸಾಕಿತ್ತು. ಈಗ ತನ್ನ ಬೆರಳನ್ನೇ ನಂಬದವಳಾಗಿದ್ದಳು. “ಸಾಕು ಬಿಡಿ, ಸರಿ ಇದೆ” ಎಂದು ಮೇಡಂ ಹೇಳಿದಾಗ ಅವರು ಮತ್ತೆ ಬಹುವಚನಕ್ಕೆ ಬಂದದ್ದು ಅವಳ ಕಿವಿಗೆ ಬಿತ್ತು. ಕೊನೆಯ ಪ್ರತಿಗೆ ಮೊಹರು ಹಾಕಿದ್ದು ಮೂರನೆಯ ದಿನ.

ಆ ವಾರದಲ್ಲೇ ಕಚೇರಿಯವರು ಶುದ್ಧ ಮಾಡಿದ ಕಂಪ್ಯೂಟರನ್ನು ಹಿಂದಕ್ಕೆ ಕೊಟ್ಟರು. ಮೈದುನ ಬಂದು, ಆ ಹೆಂಗಸು ಹೇಳಿಕೊಟ್ಟ ಹಾಗೆ ಗೊಣಗಪ್ಪನನ್ನು ಒಳಗೇ ಕೂರಿಸಿದ. ಗುಬುಟನ್ನು ಗೆರೆಯ ಮೇಲ್ತುದಿಗೆ ಎಳೆದ. ಈ ಸಲ ಮೇಡಂ ಹಿಂದೆ ನಿಂತಿದ್ದರು. ಅತ್ತಿಗೆಯ ಹತ್ತಿರ ಅವನು ಕ್ಷಮೆ ಕೇಳಲಿಲ್ಲ. ಹೋಗುವಾಗ ಅವಳ ನೀರಿನ ಬಾಟಲಿಯನ್ನು ತುಂಬಿಸಿ, ಕೈಗೆ ಸಿಗುವಲ್ಲಿ ಇಟ್ಟು ಹೋದ.

ಪರೀಕ್ಷೆಯ ದಿನ ಪತ್ರಿಕೆ ಬಿಚ್ಚುವ ಹೊತ್ತಿಗೆ ಕೆಲಸ ಬಿಟ್ಟು ಹಜಾರದ ಬೆಂಚಿನ ಮೇಲೆ ಹೋಗಿ ಕೂತಳು. ಯಾವುದಾದರೂ ಫೋನು ರಿಂಗಾದರೆ ಎಲ್ಲೋ ಪತ್ರಿಕೆ ಬಯಲಾಯಿತು ಎನ್ನುವ ಸುದ್ದಿಯೇ ಬಂತೆನಿಸುತ್ತಿತ್ತು. ಪರೀಕ್ಷೆ ಮುಗಿಯುವ ಹೊತ್ತು ಕಳೆದು ಸ್ವಲ್ಪದರಲ್ಲಿ ಅವಳ ಫೋನೇ ರಿಂಗಾಯಿತು. ಅಂಧರ ಶಾಲೆಯ ಒಬ್ಬ ಹುಡುಗಿ.

“ಅಕ್ಕ, ಒಂದು ಮಾತು ಹೇಳಲಾ, ಬೇಜಾರು ಮಾಡ್ಕೋಬಾರದು.”

“ಏನಾಯ್ತಮ್ಮ? ಹೇಳು, ಬೇಗ ಹೇಳು.”

“ಎರಡನೇ ಪುಟದಲ್ಲಿ ಒಂದು ಚುಕ್ಕಿ ಸರಿಯಾಗಿ ಎದ್ದಿರಲಿಲ್ಲ. ‘ಕಾರು’ ಅಂತಿದೆಯೋ ‘ಕಾಲು’ ಅಂತಿದೆಯೋ ಅಂತ ಐದು ನಿಮಿಷ ತಲೆ ಕೆರ್ಕೊಂಡೆ. ಆಮೇಲೆ ಮೇಲ್ವಿಚಾರಕರನ್ನ ಕೇಳಿ ಬರೆದೆ. ನಿಮ್ಮ ಕೈಯಲ್ಲಿ ಹೀಗಾಗಲ್ಲ ಅಲ್ವಾ, ಅದಕ್ಕೇ ಹೇಳ್ದೆ.”

ಚುಕ್ಕಿ ಅಕ್ಕ ಬೆಂಚಿಗೆ ಒರಗಿ, “ತಪ್ಪಾಯ್ತು ಕಣಮ್ಮ, ತಪ್ಪಾಯ್ತು” ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಹಜಾರದಲ್ಲಿದ್ದವರಿಗೆ ತಿಳಿಯಲಿಲ್ಲ.

ವಿಚಾರಣೆ ಕೆಲವು ತಿಂಗಳು ನಡೆಯಿತು. ತಾನಾಗಿ ಬಂದು ಹೇಳಿದಳೆಂದು ಅವಳ ಕೆಲಸ ಉಳಿಯಿತು. ಪ್ರಶ್ನೆಪತ್ರಿಕೆಯ ಕೆಲಸವನ್ನು ಮಾತ್ರ ಒಂದು ವರ್ಷ ಆ ಮುದ್ರಣಾಲಯಕ್ಕೆ ಕೊಡಬಾರದೆಂದು ಆಯಿತು. ಮೇಡಂ ಆ ಬಗ್ಗೆ ಅವಳ ಹತ್ತಿರ ಚಕಾರ ಎತ್ತಲಿಲ್ಲ. ಆದರೆ ಆ ವರ್ಷ ಪರೀಕ್ಷೆಯ ತಿಂಗಳು ಬಂದಾಗ, ಖಾಲಿ ಬೀರುವಿನ ಬಾಗಿಲನ್ನು ಅವರು ಸುಮ್ಮನೆ ತೆಗೆದು ಹಾಕಿದ ಸದ್ದು ಅವಳಿಗೆ ಕೇಳಿಸಿತ್ತು.

ಮೊದಲ ಪತ್ರಿಕೆ ಎಲ್ಲಿಗಾದರೂ ಹೋಗಿತ್ತೇ ಎಂಬುದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಬಸ್ಸಿನ ಹುಡುಗಿಗೆ ಬೆಳಕಿನ ಪಾಠದ ವಿಷಯ ಹೇಳಿದವರು ಯಾರೆಂಬುದೂ ತಿಳಿಯಲಿಲ್ಲ. ಈಗಲೂ ಕೆಲವು ದಿನ ಚುಕ್ಕಿ ಅಕ್ಕ ಬೇಕೆಂದೇ ಅದೇ ಬಸ್ಸಿಗೆ ಕಾಯುತ್ತಾಳೆ, ಆ ದನಿ ಮತ್ತೆ ಕೇಳಿಸೀತೇ ಎಂದು. ಕೇಳಿಸಿದರೆ ಏನು ಕೇಳಬೇಕೆಂಬುದನ್ನು ಇನ್ನೂ ಯೋಚಿಸಿಲ್ಲ.

ಎರಡನೆಯ ವರ್ಷ ಕಚೇರಿಯಿಂದ ಮತ್ತೆ ಫೋನು ಬಂತು. ಮೇಡಂ ಅವಳನ್ನು ಕರೆದು, “ತಗೋಬೇಕಾ ಬೇಡವಾ, ನೀವೇ ಹೇಳಿ” ಎಂದರು. ಅವಳು ಒಂದು ದಿನ ಸಮಯ ಕೇಳಿ ಮನೆಗೆ ಬಂದಳು. ಗಂಡ ಬಟ್ಟೆ ಕತ್ತರಿಸುತ್ತ ಕೂತಿದ್ದ.

“ಹೆದರಿಕೆ ಆಗುತ್ತಾ?” ಎಂದ.

“ಆಗುತ್ತೆ. ಈಗಲೇ ಕೈ ಬೆವರ್ತಿದೆ, ನೋಡಿ.”

ಅವನು ಕತ್ತರಿ ಕೆಳಗಿಟ್ಟು ಅವಳ ಕೈ ಹಿಡಿದು ನೋಡಿದ. ಹೌದು, ಅಂಗೈ ಒದ್ದೆಯಾಗಿತ್ತು. ತನ್ನ ಅಂಗಿಯ ತುದಿಯಿಂದ ಒರೆಸಿದ.

“ಹಾಗಾದ್ರೆ ಬೇಡ ಅನ್ನು.”

“ಬೇಡ ಅಂದ್ರೆ ಮಕ್ಕಳಿಗೆ ಬೇರೆ ಕಡೆಯಿಂದ ತಪ್ಪುತಪ್ಪಾಗಿ ಬರುತ್ತೆ. ಹೋದ ವರ್ಷ ಬಂತಲ್ಲ, ಅರ್ಧ ಪುಟ ಓದೋಕೇ ಆಗಲಿಲ್ವಂತೆ.” ಅವಳು ಕೈ ಬಿಡಿಸಿಕೊಂಡು ಎದ್ದಳು. “ಸಾರಿಗೆ ಒಗ್ಗರಣೆ ಹಾಕ್ಬೇಕು. ಉಪ್ಪು ನೀವೇ ಹಾಕಿ.”

ಮರುದಿನ ಬೆಳಿಗ್ಗೆ ಹೋಗಿ, ತಗೊಳ್ಳಿ ಮೇಡಂ ಎಂದು ಹೇಳಿದಳು.